ಜೀವಕೋಶದ ದುರಸ್ತಿಗಾರರೂ ವಯನಾಡಿನ ಕುಡುಗೋಲು ರೋಗವೂ

ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಯತ್ತ ಹೊರಟ ಬಸ್ಸು ಮುತ್ತಂಗವನ್ನು ದಾಟಿತೆಂದರೆ ಮತ್ತೆ ಎರಡೂ ಬದಿಗೆ ಕಾಡೇ ಕಾಡು. ಕರ್ನಾಟಕದ ಗಡಿಯನ್ನು ತಲಪುವ ಮೊದಲು ಸಿಗುವ ಪುಟ್ಟ ಸ್ಥಳ ಪೊನ್ಕುಳಿ. ಹೆದ್ದಾರಿಯ ಒಂದು ಬದಿಯಲ್ಲಿ ಶ್ರೀರಾಮನ ಗುಡಿ, ಎದುರು ಬದಿಯಲ್ಲಿ ಸೀತೆಯ ಗುಡಿ ಮತ್ತು ಕೊಳ. ಸೀತಾದೇವಿಯ ಕಣ್ಣೀರೇ ಕೊಳವಾಯಿತೆಂದು ಅಲ್ಲಿಯ ಐತಿಹ್ಯ. ಕಾಡಿನ ಅಂಚಿನಲ್ಲಿ ಕಾಟ್ಟುನಾಯ್ಕರ ವಸತಿ. ಅವರ ಮಾತಿಗೆ ಕಿವಿಗೊಟ್ಟರೆ ಕನ್ನಡದ ಬೇರು ಕೇಳಿಸುತ್ತದೆ.

ಮಳೆಗಾಲ ಕಳೆಯಿತೆಂದರೆ ಇಂಥ ಕಾಡುದಾರಿಗಳಲ್ಲಿ ಡಾಮರು ಕಿತ್ತು ಗುಂಡಿ ಬೀಳುವುದು ಹೊಸತಲ್ಲ. ರಸ್ತೆ ಕೆಲಸದವರು ಬರುತ್ತಾರೆ, ಜಲ್ಲಿ ತುಂಬುತ್ತಾರೆ, ಡಾಮರು ಹೊಯ್ದು ಹೋಗುತ್ತಾರೆ. ವಾಲಿದ ಮೈಲಿಗಲ್ಲನ್ನು ಎತ್ತಿ ನಿಲ್ಲಿಸಿ ಸುಣ್ಣ ಬಳಿಯುತ್ತಾರೆ. ಮಾಸಿದ ಅಂಕೆಗೆ ಕಪ್ಪು ಬಣ್ಣ ತೀಡುತ್ತಾರೆ. ಆದರೆ ಆ ಕಲ್ಲಿನಲ್ಲಿ ಮೊದಲೇ 12ರ ಬದಲು 21 ಎಂದು ಕೆತ್ತಿದ್ದರೆ? ಬಣ್ಣ ಹಚ್ಚುವವನು 21ನ್ನೇ ಚೆನ್ನಾಗಿ ತೀಡಿ ಹೋಗುತ್ತಾನೆ. ಅವನ ಕೆಲಸದಲ್ಲಿ ಲೋಪವಿಲ್ಲ. ಅಂಕೆ ತಪ್ಪೆಂದು ತಿಳಿಯಲು ಅವನ ಕೈಯಲ್ಲಿ ಬೇರೆ ಲೆಕ್ಕವಿಲ್ಲ, ಅಷ್ಟೆ.

ನಮ್ಮ ಶರೀರದೊಳಗೂ ಇಂಥ ಕೆಲಸಗಾರರಿದ್ದಾರೆ. ಹಗಲು ರಾತ್ರಿ ಎನ್ನದೆ ದುರಸ್ತಿ ಮಾಡುತ್ತಲೇ ಇರುವ ಅವರಿಲ್ಲದಿದ್ದರೆ ನಾವು ಬಹುಕಾಲ ಬದುಕಿರಲಾರೆವು. ಅವರ ಕೌಶಲ ಎಷ್ಟು, ಅವರ ಕೈ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ತಿಳಿಯಬೇಕಾದರೆ ವಯನಾಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಅಲ್ಲಿಯ ಅನೇಕ ಕುಟುಂಬಗಳನ್ನು ಕಾಡುತ್ತಿರುವ ಒಂದು ರೋಗ, ತಲೆಮಾರಿನಿಂದ ತಲೆಮಾರಿಗೆ ಬಣ್ಣ ತೀಡಿಸಿಕೊಂಡು ಬಂದ ಒಂದೇ ಒಂದು ತಪ್ಪು ಅಂಕೆಯ ಕಥೆ.

ಎರಡು ಮೀಟರು ನೂಲು

ಜೀವಕೋಶದ ನಡುವೆ ಇರುವ ನ್ಯೂಕ್ಲಿಯಸ್ ಅಥವಾ ಕೋಶಕೇಂದ್ರ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಿರಿದು. ಅದರೊಳಗೆ ಸುತ್ತಿಟ್ಟಿರುವ ಡಿ.ಎನ್.ಎ. ನೂಲನ್ನು ಬಿಡಿಸಿ ಚಾಚಿದರೆ ಸುಮಾರು ಎರಡು ಮೀಟರು ಉದ್ದ. ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗಳಿಗೆ ಈ ನೂಲನ್ನು ಸುತ್ತಿ ಸುತ್ತಿ ಅಡಕ ಮಾಡಿರುವುದರಿಂದ ಇದು ಸಾಧ್ಯವಾಗಿದೆ. ನೂಲಿನಲ್ಲಿ ಎರಡು ಎಳೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಅದರ ಬರಹ. ಒಂದು ಎಳೆಯಲ್ಲಿ ಎ ಇದ್ದಲ್ಲಿ ಎದುರೆಳೆಯಲ್ಲಿ ಟಿ, ಜಿ ಇದ್ದಲ್ಲಿ ಸಿ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ತಿಳಿಸಿಕೊಟ್ಟ ಈ ಜೋಡಣೆಯಲ್ಲೇ ದುರಸ್ತಿಯ ಗುಟ್ಟೂ ಇದೆ. ಒಂದು ಎಳೆ ಕೆಟ್ಟರೆ ಎದುರಿನ ಎಳೆಯನ್ನು ನೋಡಿ ಸರಿಪಡಿಸಬಹುದು. ಒಂದೇ ದಾಖಲೆಯ ಎರಡು ಪ್ರತಿಗಳು ಎದುರುಬದುರಾಗಿ ಇದ್ದ ಹಾಗೆ.

ಇಷ್ಟು ಮುಖ್ಯವಾದ ದಾಖಲೆ ಗಟ್ಟಿಮುಟ್ಟಾಗಿರಬೇಕೆಂದು ಬಹುಕಾಲ ಎಲ್ಲರೂ ನಂಬಿದ್ದರು. ಹಾಗಲ್ಲವೆಂದು ತೋರಿಸಿದವರು ಸ್ವೀಡನ್ ದೇಶದ ಟೋಮಸ್ ಲಿಂಡಾಲ್. ಜೀವಕೋಶದಲ್ಲಿ ತುಂಬಿರುವ ನೀರೇ ಡಿ.ಎನ್.ಎ.ಯನ್ನು ಮೆಲ್ಲಮೆಲ್ಲನೆ ಸವೆಸುತ್ತದೆ. ನಾವು ಉಸಿರಾಡುವ ಆಮ್ಲಜನಕದಿಂದ ಹುಟ್ಟುವ ಉಪದ್ರವಿ ಕಣಗಳು ಅದನ್ನು ಸುಡುತ್ತವೆ. ಬಿಸಿಲು, ಬೀಡಿಯ ಹೊಗೆ, ಕ್ಷಕಿರಣ ಮುಂತಾದವು ಇದರ ಮೇಲೆ. ಒಂದು ಕೋಶದಲ್ಲಿ ಒಂದು ದಿನಕ್ಕೆ ಸುಮಾರು ಹತ್ತು ಸಾವಿರ ಅಕ್ಷರಗಳು ತಮ್ಮಷ್ಟಕ್ಕೇ ನೂಲಿನಿಂದ ಕಳಚಿ ಬೀಳುತ್ತವೆಂದು ಅಂದಾಜು. ಯಾವ ವಿಷವನ್ನೂ ಮುಟ್ಟದೆ, ಮನೆಯ ಜಗಲಿಯಲ್ಲಿ ಸುಮ್ಮನೆ ಕುಳಿತವನ ಲೆಕ್ಕವಿದು. ಹೀಗಿದ್ದೂ ನಾವು ಉಳಿದಿದ್ದೇವೆಂದರೆ, ಕೆಡುವ ವೇಗಕ್ಕೆ ಸಮನಾಗಿ ಸರಿಪಡಿಸುವ ಏರ್ಪಾಡೂ ಇರಲೇಬೇಕಲ್ಲವೇ? ಲಿಂಡಾಲರನ್ನು ಹುಡುಕಾಟಕ್ಕೆ ಹಚ್ಚಿದ್ದು ಈ ಸರಳ ತರ್ಕವೇ.

ದುರಸ್ತಿಯ ನಾಲ್ಕು ಬಗೆ

1974ರಲ್ಲಿ ಲಿಂಡಾಲ್ ಅಂಥ ಒಂದು ಪ್ರೋಟೀನನ್ನು ಕಂಡರು. ಡಿ.ಎನ್.ಎ.ಯ ಸಿ ಅಕ್ಷರ ಆಗಾಗ ಕೆಟ್ಟು ಯು ಎಂಬ ಅಕ್ಷರವಾಗುತ್ತದೆ. ಯು ಅಕ್ಷರಕ್ಕೆ ಡಿ.ಎನ್.ಎ.ಯಲ್ಲಿ ಸ್ಥಾನವಿಲ್ಲ. ಅನ್ನದಲ್ಲಿ ಕಲ್ಲು ಹುಡುಕುವ ಬೆರಳಿನಂತೆ ಈ ಪ್ರೋಟೀನು ನೂಲಿನುದ್ದಕ್ಕೂ ತಡಕುತ್ತಾ ಹೋಗಿ ಯು ಸಿಕ್ಕಿದಲ್ಲಿ ಅದನ್ನು ಕಿತ್ತುಹಾಕುತ್ತದೆ. ಹಿಂದಿನಿಂದ ಬರುವ ಇನ್ನೊಂದು ಪ್ರೋಟೀನು ಅಲ್ಲಿ ಎಳೆಯನ್ನು ಕತ್ತರಿಸುತ್ತದೆ, ಮೂರನೆಯದು ಎದುರೆಳೆಯನ್ನು ನೋಡಿ ಸರಿಯಾದ ಅಕ್ಷರ ಕೂರಿಸುತ್ತದೆ, ನಾಲ್ಕನೆಯದು ಬೆಸುಗೆ ಹಾಕುತ್ತದೆ.

ಎರಡನೆಯ ಬಗೆಯನ್ನು ವಿವರಿಸಿದವರು ತುರ್ಕಿಯ ಅಝೀಝ್ ಸಂಜಾರ್. 1946ರಲ್ಲಿ ಸವೂರ್ ಎಂಬ ಸಣ್ಣ ಊರಿನಲ್ಲಿ, ಓದು ಬರಹ ಬಾರದ ತಂದೆತಾಯಿಯರ ಎಂಟು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದವರು. ಊರ ಕಡೆಯಲ್ಲೇ ವೈದ್ಯರಾಗಿದ್ದು ಬಳಿಕ ಅಮೇರಿಕಕ್ಕೆ ಹೋಗಿ ಸಂಶೋಧಕರಾದರು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ನೂಲಿನ ಅಕ್ಕಪಕ್ಕದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಆಗ ಪ್ರೋಟೀನುಗಳ ಒಂದು ತಂಡವೇ ಕೂಡಿ ಗಂಟಿನ ಎರಡೂ ಬದಿಗೆ ಕೊಯ್ದು, ಸುಮಾರು ಮೂವತ್ತು ಅಕ್ಷರಗಳ ತುಂಡನ್ನೇ ಎತ್ತಿಹಾಕಿ ಹೊಸತು ನೇಯುತ್ತದೆ. ಈ ತಂಡದಲ್ಲಿ ಒಬ್ಬನಿಲ್ಲದೆ ಹುಟ್ಟಿದ ಮಕ್ಕಳೂ ಇದ್ದಾರೆ. ಕ್ಸೆರೋಡರ್ಮಾ ಎಂಬ ಅವರ ರೋಗದಲ್ಲಿ ಬಿಸಿಲು ತಾಗಿದ ಚರ್ಮ ಎಳವೆಯಲ್ಲೇ ಅರ್ಬುದಕ್ಕೆ ತುತ್ತಾಗುತ್ತದೆ. ಅದಕ್ಕೆ ದುರಸ್ತಿಯ ಕೊರತೆಯೇ ಕಾರಣವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿಕೊಟ್ಟರು. ದುರಸ್ತಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಮೂರನೆಯದು ನಕಲು ತಿದ್ದುವ ಕೆಲಸ. ಕೋಶ ಎರಡಾಗುವ ಮೊದಲು ಡಿ.ಎನ್.ಎ.ಯ ಪೂರ್ತಿ ನಕಲು ಆಗಬೇಕು. ಆರು ನೂರು ಕೋಟಿಗೂ ಮಿಕ್ಕಿದ ಅಕ್ಷರ ಜೋಡಿಗಳು. ನಕಲುಗಾರ ಪ್ರೋಟೀನು ಬರೆಯುತ್ತಲೇ ತನ್ನ ತಪ್ಪನ್ನು ತಿದ್ದಿಕೊಳ್ಳುತ್ತದೆ. ಆದರೂ ಉಳಿದುಹೋದ ತಪ್ಪುಗಳನ್ನು ಬೇರೊಂದು ತಂಡ ಬಂದು ಹುಡುಕುತ್ತದೆ. ಎ ಎದುರು ಟಿ ಇರಬೇಕಾದಲ್ಲಿ ಸಿ ಕೂತಿದ್ದರೆ ಅಲ್ಲಿ ನೂಲು ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬೇ ಸುಳಿವು. ಆದರೆ ಎರಡರಲ್ಲಿ ತಪ್ಪು ಯಾವುದು? ಹಳೆಯ ಎಳೆ ಯಾವುದು, ಹೊಸ ಎಳೆ ಯಾವುದು ಎಂದು ಗುರುತಿಸಿ ಹೊಸತನ್ನೇ ತಿದ್ದಬೇಕು. ಈ ಜಾಣ್ಮೆಯನ್ನು ಬಿಡಿಸಿ ತೋರಿಸಿದವರು ಅಮೇರಿಕದ ಪಾಲ್ ಮೋಡ್ರಿಚ್. ಇಷ್ಟೆಲ್ಲ ತಿದ್ದುಪಡಿ ಮುಗಿದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದು ಅಥವಾ ಅದಕ್ಕಿಂತಲೂ ಕಡಿಮೆ. ನಮ್ಮ ಯಾವ ಅಚ್ಚುಕೂಟದ ಕರಡು ತಿದ್ದುವವರೂ ಈ ಮಟ್ಟ ಮುಟ್ಟಲಾರರು! 2015ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಲಿಂಡಾಲ್, ಮೋಡ್ರಿಚ್, ಸಂಜಾರ್ ಈ ಮೂವರಿಗೆ ಹಂಚಲಾಯಿತು.

ನಾಲ್ಕನೆಯದು ಅತ್ಯಂತ ಅಪಾಯದ ಕೆಲಸ. ಕೆಲವೊಮ್ಮೆ ಎರಡೂ ಎಳೆಗಳು ಒಂದೇ ಜಾಗದಲ್ಲಿ ತುಂಡಾಗುತ್ತವೆ. ನೋಡಿ ಬರೆಯಲು ಎದುರೆಳೆಯೂ ಇಲ್ಲ. ತುಂಡಾದೊಡನೆ ಆಸುಪಾಸಿನ ಹಿಸ್ಟೋನ್ ಪ್ರೋಟೀನುಗಳ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ರಸ್ತೆ ಕುಸಿದಲ್ಲಿ ಕೆಂಪು ಬಾವುಟ ನೆಟ್ಟ ಹಾಗೆ. ಪಿ53 ಎಂಬ ಕಾವಲುಗಾರ ಪ್ರೋಟೀನು ಕೋಶದ ವಿಭಜನೆಯನ್ನು ತಡೆದು ನಿಲ್ಲಿಸುತ್ತದೆ. ದುರಸ್ತಿ ಅಸಾಧ್ಯವಾದರೆ ಕೋಶವೇ ಸಾಯುವಂತೆ ಮಾಡುತ್ತದೆ. ಸಮಯ ಮತ್ತು ಅನುಕೂಲವಿದ್ದರೆ, ನಕಲಾಗಿ ಪಕ್ಕದಲ್ಲಿರುವ ಇನ್ನೊಂದು ಪ್ರತಿಯನ್ನು ನೋಡಿ ಸರಿಯಾಗಿ ಬರೆಯುವ ತಂಡವೊಂದಿದೆ. ಸ್ತನ ಕ್ಯಾನ್ಸರಿನ ಸಂಬಂಧದಲ್ಲಿ ಹೆಸರು ಕೇಳಿಬರುವ ಬಿ.ಆರ್.ಸಿ.ಎ. ಪ್ರೋಟೀನುಗಳು ಈ ತಂಡದವು. ಅನುಕೂಲವಿಲ್ಲದಿದ್ದರೆ ಎರಡು ತುದಿಗಳನ್ನು ಹೇಗಾದರೂ ಹತ್ತಿರ ತಂದು ಅಂಟಿಸುವುದು. ಉಂಗುರದಂತಿರುವ ಕೂ ಎಂಬ ಪ್ರೋಟೀನು ತುದಿಗಳನ್ನು ಹಿಡಿಯುತ್ತದೆ, ಲೈಗೇಸ್ ನಾಲ್ಕು ಎಂಬುದು ಬೆಸೆಯುತ್ತದೆ. ಈ ಕೂ ಪ್ರೋಟೀನು ಮೊದಲು ಸಿಕ್ಕಿದ್ದು 1981ರಲ್ಲಿ, ಜಪಾನಿನ ಒಬ್ಬ ರೋಗಿಯ ರಕ್ತದ ಪರೀಕ್ಷೆಯಿಂದ. ಆ ರೋಗಿಯ ಹೆಸರಿನ ಮೊದಲಕ್ಷರಗಳೇ ಅದಕ್ಕೆ ಹೆಸರಾದವು. ಇಂಥ ಅವಸರದ ಅಂಟಿಸುವಿಕೆಯಲ್ಲಿ ಕೆಲವು ಅಕ್ಷರಗಳು ಹೋಗುವುದೂ ಸೇರುವುದೂ ಉಂಟು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಒಂದೇ ಅಕ್ಷರದ ತಪ್ಪು

ಈಗ ವಯನಾಡಿಗೆ ಮರಳೋಣ. ಅಲ್ಲಿಯ ಪಣಿಯರು, ಕುರಿಚ್ಯರು, ಮುಳ್ಳುಕುರುಮರು, ವಯನಾಡನ್ ಚೆಟ್ಟಿಗಳು ಮುಂತಾದ ಸಮುದಾಯಗಳಲ್ಲಿ ಒಂದು ಆನುವಂಶಿಕ ರಕ್ತರೋಗವಿದೆ. ಮಲೆಯಾಳದಲ್ಲಿ ಅರಿವಾಳ್ ರೋಗ, ಕನ್ನಡದಲ್ಲಿ ಕುಡುಗೋಲು ಕಣ ರೋಗ. ನೆರೆಯ ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ ಇದರ ಕುರುಹು ಇರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ 1952ರಲ್ಲೇ ಪ್ರಕಟಿಸಿದ್ದರು. ಗಡಿಯಾಚೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದು ಕಂಡುಬಂದಿದೆ. ಕಾಡು ಒಂದೇ, ರಾಜ್ಯದ ಗಡಿ ರೋಗಕ್ಕೆ ತಿಳಿಯದು.

ರಕ್ತಕ್ಕೆ ಕೆಂಪು ಬಣ್ಣ ಕೊಟ್ಟು ಆಮ್ಲಜನಕವನ್ನು ಹೊತ್ತೊಯ್ಯುವ ಹೀಮೊಗ್ಲೋಬಿನಿನಲ್ಲಿ ಬೀಟಾ ಎಂಬ ಸರಪಣಿ ಇದೆ. 146 ಕೊಂಡಿಗಳ ಆ ಸರಪಣಿಯ ಆರನೆಯ ಕೊಂಡಿ ಗ್ಲುಟಾಮಿಕ್ ಆಮ್ಲ ಆಗಿರಬೇಕು. ಡಿ.ಎನ್.ಎ.ಯಲ್ಲಿ ಅದಕ್ಕೆ ಜಿ-ಎ-ಜಿ ಎಂಬ ಬರಹ. ನಡುವಿನ ಎ ಬದಲು ಟಿ ಬಂದರೆ, ಅಂದರೆ ಜಿ-ಟಿ-ಜಿ ಆದರೆ, ಆ ಸ್ಥಾನಕ್ಕೆ ವ್ಯಾಲಿನ್ ಎಂಬ ಬೇರೆ ಕೊಂಡಿ ಬರುತ್ತದೆ. ವ್ಯತ್ಯಾಸ ಇಷ್ಟೇ. ಆದರೆ ಹೀಗೆ ಬದಲಾದ ಹೀಮೊಗ್ಲೋಬಿನು ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಸರಳುಗಳಾಗುತ್ತದೆ. ದುಂಡಗಿನ ಕೆಂಪುಕಣ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ನೂರಿಪ್ಪತ್ತು ದಿನ ಬಾಳಬೇಕಾದ ಕಣ ಹತ್ತಿಪ್ಪತ್ತು ದಿನಗಳಲ್ಲೇ ಒಡೆಯುತ್ತದೆ.

ಪರಿಣಾಮ ಏನೆಂಬುದನ್ನು ರೋಗಿಯೇ ಬಲ್ಲ. ಎಲುಬಿನೊಳಗೆ ಮೊಳೆ ಹೊಡೆದಂಥ ನೋವು, ರಕ್ತಹೀನತೆ, ಮತ್ತೆ ಮತ್ತೆ ಜ್ವರ, ಸೊಂಟದ ಕೀಲು ಸವೆಯುವುದು, ಚಿಕ್ಕ ವಯಸ್ಸಿನಲ್ಲೇ ಪಾರ್ಶ್ವವಾಯು. ಚಳಿ, ಬಾಯಾರಿಕೆ, ಮೈಮುರಿಯುವ ದುಡಿಮೆ ಇವು ಮೂರೂ ನೋವನ್ನು ಕೆರಳಿಸುತ್ತವೆ. ಕೂಲಿಯಿಂದ ಜೀವಿಸುವ ವಯನಾಡಿನ ಬಡವನಿಗೆ ಈ ಮೂರನ್ನೂ ತಪ್ಪಿಸಿಕೊಳ್ಳುವುದು ಹೇಗೆ? ಹೊರಗೆ ಗಾಯವಿಲ್ಲ, ಊತವಿಲ್ಲ. ನೋಡಿದವರು ಸೋಮಾರಿ ಎನ್ನುತ್ತಾರೆ. ಕೆಲಸಕ್ಕೆ ಹೋಗದ ದಿನ ಕೂಲಿಯೂ ಇಲ್ಲ.

ವೈದ್ಯಕೀಯದಲ್ಲಿ ಈ ರೋಗಕ್ಕೆ ದೊಡ್ಡ ಸ್ಥಾನವಿದೆ. 1910ರಲ್ಲಿ ಷಿಕಾಗೋದ ಡಾ| ಹೆರಿಕ್ ಬಾಗಿದ ಕಣಗಳನ್ನು ಮೊದಲು ವರ್ಣಿಸಿದರು. ಇದು ಒಂದು ಅಣುವಿನ ರೋಗವೆಂದು 1949ರಲ್ಲಿ ಲೈನಸ್ ಪೌಲಿಂಗ್ ಸಾರಿದರು. ಒಂದೇ ಕೊಂಡಿಯ ವ್ಯತ್ಯಾಸವೆಂದು ವೆರ್ನನ್ ಇಂಗ್ರಾಮ್ 1950ರ ದಶಕದಲ್ಲಿ ಕಂಡುಹಿಡಿದರು. ಮೂಲವನ್ನು ಅಣುವಿನ ಮಟ್ಟದಲ್ಲಿ ಅರಿತ ಮೊತ್ತಮೊದಲ ರೋಗ ಇದೇ. ಆದರೂ ಮದ್ದು ತಡವಾಗಿ ಬಂದಿತು. ರೋಗ ಬಡವರದಾದರೆ ಹೀಗಾಗುವುದು ಲೋಕಾರೂಢಿ.

ದುರಸ್ತಿಗಾರರಿಗೆ ಏಕೆ ಕಾಣಲಿಲ್ಲ?

ನೂರು ಕೋಟಿಗೆ ಒಂದು ತಪ್ಪನ್ನೂ ಬಿಡದ ತಂಡ ಈ ಒಂದು ತಪ್ಪನ್ನು ಏಕೆ ಬಿಟ್ಟಿತು? ಇದೇ ಪ್ರಶ್ನೆಯ ತಿರುಳು.

ಎ ಜಾಗದಲ್ಲಿ ಟಿ ಕುಳಿತ ಮೊದಲ ಕ್ಷಣದಲ್ಲಿ ಎದುರೆಳೆಯಲ್ಲಿ ಹಳೆಯ ಅಕ್ಷರವೇ ಇತ್ತು. ಜೋಡಿ ಹೊಂದುತ್ತಿರಲಿಲ್ಲ, ನೂಲು ಉಬ್ಬಿತ್ತು. ತಿದ್ದಲು ಇದ್ದ ಅವಕಾಶ ಅದೊಂದೇ. ಅದು ತಪ್ಪಿಹೋಗಿ ಮುಂದಿನ ನಕಲು ಆದಾಗ ತಪ್ಪು ಅಕ್ಷರವನ್ನೇ ಮಾದರಿಯಾಗಿಟ್ಟು ಎದುರೆಳೆ ಬರೆಯಲ್ಪಟ್ಟಿತು. ಈಗ ಟಿ ಎದುರು ಎ. ಜೋಡಿ ಸರಿ, ಉಬ್ಬಿಲ್ಲ, ಗಂಟಿಲ್ಲ, ತುಂಡಾಗಿಲ್ಲ. ದುರಸ್ತಿಯ ಪ್ರೋಟೀನುಗಳು ಅಕ್ಷರದ ಆಕಾರವನ್ನು, ಜೋಡಿಯ ಹೊಂದಿಕೆಯನ್ನು ನೋಡಬಲ್ಲವು, ಅರ್ಥವನ್ನು ಓದಲಾರವು. ಪೊಲೀಸರ ಉಡುಪನ್ನೇ ತೊಟ್ಟ ಕಳ್ಳನನ್ನು ಕಾವಲುಗಾರ ಹಿಡಿಯುವುದು ಹೇಗೆ? ಅಷ್ಟೇ ಅಲ್ಲ, ಅಂದಿನಿಂದ ಆ ಜಾಗ ಎಂದಾದರೂ ಕೆಟ್ಟರೆ ಅದೇ ನಿಷ್ಠಾವಂತ ಪ್ರೋಟೀನುಗಳು ಬಂದು ತಪ್ಪು ಅಕ್ಷರವನ್ನೇ ಜಾಗ್ರತೆಯಿಂದ ಮತ್ತೆ ಕೂರಿಸಿ ಹೋಗುತ್ತವೆ. ಮೈಲಿಗಲ್ಲಿನ 21ಕ್ಕೆ ಹೊಸ ಬಣ್ಣ.

ಈ ತಪ್ಪು ಅಳಿದುಹೋಗದೆ ಹಬ್ಬಿದ್ದಕ್ಕೂ ಕಾರಣವಿದೆ. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ತಪ್ಪನ್ನು ಪಡೆದವರು ವಾಹಕರು. ಅವರು ಸಾಮಾನ್ಯವಾಗಿ ಆರೋಗ್ಯವಂತರೇ. ಅಷ್ಟೇ ಅಲ್ಲ, ಮಲೇರಿಯದ ಮಾರಕ ಹೊಡೆತದಿಂದ ಅವರಿಗೆ ರಕ್ಷಣೆಯೂ ಇದೆಯೆಂದು 1954ರಲ್ಲಿ ಆಲಿಸನ್ ಎಂಬ ವೈದ್ಯರು ಆಫ್ರಿಕದಲ್ಲಿ ತೋರಿಸಿದರು. ಹಿಂದೆ ವಯನಾಡೆಂದರೆ ಮಲೇರಿಯ, ಮಲೇರಿಯವೆಂದರೆ ವಯನಾಡು ಎಂಬ ಕಾಲವಿತ್ತು. ತಿರುವಿದಾಂಕೂರಿನಿಂದ ವಲಸೆ ಬಂದ ಕೃಷಿಕರು ಅದಕ್ಕೆ ತೆತ್ತ ಬೆಲೆ ಹಿರಿಯರಿಗೆ ಗೊತ್ತಿದೆ. ಅಂಥ ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರಿಗೆ ಈ ಒಂದಕ್ಷರ ಒಂದು ಕೈಯಲ್ಲಿ ಗುರಾಣಿಯಾಯಿತು, ಇನ್ನೊಂದು ಕೈಯಲ್ಲಿ ಕುಡುಗೋಲಾಯಿತು. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ.

ನಮ್ಮ ಕಾಸರಗೋಡಿನ ಪಾಠ

ಕಾಣದ ತಪ್ಪು ದುರಸ್ತಿಯ ಒಂದು ಮಿತಿಯಾದರೆ, ಕೈಮೀರುವಷ್ಟು ಹಾನಿ ಇನ್ನೊಂದು ಮಿತಿ. ಇದಕ್ಕೆ ನಾವು ವಯನಾಡಿನವರೆಗೆ ಹೋಗಬೇಕಿಲ್ಲ. 1970ರ ದಶಕದಿಂದ 2000ದವರೆಗೆ ಕಾಸರಗೋಡು ಜಿಲ್ಲೆಯ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆ, ಸ್ವರ್ಗ, ಎಣ್ಮಕಜೆಯ ಹೆಸರುಗಳು ಲೋಕಕ್ಕೆಲ್ಲ ತಿಳಿದದ್ದು ಆ ದುರಂತದಿಂದ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಈ ವಿಷವನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆಜ್ಞಾಪಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಿ.ಎನ್.ಎ. ದುರಸ್ತಿಯ ಬಗ್ಗೆ ಬಹುಕಾಲದಿಂದ ಕೆಲಸ ನಡೆದಿದೆ. ಅಲ್ಲಿಯ ಸತೀಶ್ ರಾಘವನ್ ಅವರ ಪ್ರಯೋಗಶಾಲೆ ಎಂಡೋಸಲ್ಫಾನನ್ನು ಕೋಶಗಳಿಗೂ ಇಲಿಗಳಿಗೂ ಕೊಟ್ಟು ಪರೀಕ್ಷಿಸಿತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೀಗಿದೆ: ಈ ವಿಷದಿಂದ ಕೋಶದಲ್ಲಿ ಉಪದ್ರವಿ ಆಮ್ಲಜನಕ ಕಣಗಳು ಹೆಚ್ಚುತ್ತವೆ, ಡಿ.ಎನ್.ಎ.ಯ ಎರಡೂ ಎಳೆಗಳು ತುಂಡಾಗುತ್ತವೆ, ಮೇಲಾಗಿ ದುರಸ್ತಿಯೂ ತಪ್ಪುತಪ್ಪಾಗಿ ನಡೆಯುತ್ತದೆ. ಹಾನಿ ಮಾಡಿದ್ದಷ್ಟೇ ಅಲ್ಲ, ದುರಸ್ತಿಗಾರನ ಕೈಯನ್ನೂ ಕೆಡಿಸಿತು. ಪ್ರಯೋಗಶಾಲೆಯ ಇಂಥ ಫಲಿತಾಂಶ ಒಂದೊಂದು ಮನೆಯ ಒಬ್ಬೊಬ್ಬ ರೋಗಿಯ ಕಾರಣವನ್ನೂ ಹೇಳಿಬಿಡುವುದಿಲ್ಲ, ನಿಜ. ಆದರೆ ವಿಷ ಕೋಶಕೇಂದ್ರದೊಳಗೆ ಎಸಗುವ ಕೃತ್ಯ ಯಾವ ಬಗೆಯದು ಎಂಬುದಕ್ಕೆ ಅದು ದಾರಿ ತೋರಿಸುತ್ತದೆ.

ಅವಸರದ ಅಂಟಿಸುವಿಕೆಯೇ ಔಷಧ

ಇನ್ನು ಮದ್ದಿನ ಮಾತು. ದುರಸ್ತಿಯ ಪ್ರೋಟೀನುಗಳಿಗೆ ಕಾಣದ ತಪ್ಪನ್ನು ಅವುಗಳ ಕೈಯಿಂದಲೇ ಪರಿಹರಿಸಿಕೊಳ್ಳಲು ಸಾಧ್ಯವೇ? ಸಾಧ್ಯವೆಂದು ಈಗ ತಿಳಿದಿದೆ.

ತಾಯಿಯ ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹೀಮೊಗ್ಲೋಬಿನು ಇರುತ್ತದೆ. ಅದರಲ್ಲಿ ಬೀಟಾ ಸರಪಣಿಯೇ ಇಲ್ಲವಾದ್ದರಿಂದ ಕುಡುಗೋಲಿನ ತೊಂದರೆಯೂ ಇಲ್ಲ. ಹುಟ್ಟಿದ ಕೆಲವು ತಿಂಗಳಲ್ಲಿ ಅದರ ತಯಾರಿ ನಿಲ್ಲುತ್ತದೆ. ನಿಲ್ಲಿಸುವುದರಲ್ಲಿ ಬಿ.ಸಿ.ಎಲ್. 11ಎ ಎಂಬ, ಕೋಶಕೇಂದ್ರದ್ದೇ ಆದ ಒಂದು ಪ್ರೋಟೀನಿನ ದೊಡ್ಡ ಕೈವಾಡವಿದೆಯೆಂದು 2008ರಲ್ಲಿ ಅಮೇರಿಕದ ಬೋಸ್ಟನ್ನಿನ ಸಂಶೋಧಕರು ತೋರಿಸಿದರು. ಹಾಗಾದರೆ ರಕ್ತದ ಕೋಶಗಳಲ್ಲಿ ಈ ಪ್ರೋಟೀನಿನ ಸ್ವಿಚ್ಚನ್ನು ಕೆಡಿಸಿದರೆ ಶಿಶುವಿನ ಹೀಮೊಗ್ಲೋಬಿನು ಮರಳಿ ಬರಬೇಕು.

ಆ ಸ್ವಿಚ್ಚನ್ನು ಕೆಡಿಸಲು ಬೇಕಾದ ಕತ್ತರಿ 2012ರಲ್ಲಿ ಸಿಕ್ಕಿತು. ಜೆನ್ನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಷಾರ್ಪಾಂತಿಯೆ ಎಂಬ ಮಹಿಳೆಯರಿಗೆ 2020ರಲ್ಲಿ ನೊಬೆಲ್ ತಂದುಕೊಟ್ಟ ಕ್ರಿಸ್ಪರ್ ಕತ್ತರಿ. ಡಿ.ಎನ್.ಎ.ಯಲ್ಲಿ ನಾವು ಹೇಳಿದ ಜಾಗದಲ್ಲೇ ಎರಡೂ ಎಳೆಗಳನ್ನು ಅದು ಕತ್ತರಿಸುತ್ತದೆ. ಕತ್ತರಿಯ ಕೆಲಸ ಅಲ್ಲಿಗೆ ಮುಗಿಯಿತು. ಮುಂದಿನದೆಲ್ಲ ಕೋಶದ ದುರಸ್ತಿಗಾರರದು. ಕೂ ಪ್ರೋಟೀನು ಓಡಿಬಂದು ತುದಿಗಳನ್ನು ಹಿಡಿಯುತ್ತದೆ, ಲೈಗೇಸ್ ಅಂಟಿಸುತ್ತದೆ. ಅವಸರದಲ್ಲಿ ನಾಲ್ಕಾರು ಅಕ್ಷರ ಹೋಗುತ್ತವೆ ಅಥವಾ ಸೇರುತ್ತವೆ, ಸ್ವಿಚ್ಚು ಕೆಡುತ್ತದೆ. ದುರಸ್ತಿಯಲ್ಲಿ ಆಗುವ ಈ ಸಣ್ಣ ತಪ್ಪನ್ನೇ ವೈದ್ಯರು ಮದ್ದಾಗಿ ಬಳಸಿಕೊಂಡರು! ಕಳೆದುಹೋದ ಒಂದಕ್ಷರವನ್ನು ಇದು ತಿದ್ದುವುದಿಲ್ಲ. ಅದನ್ನು ಬಿಟ್ಟು ಪಕ್ಕದ ದಾರಿ ತೆರೆಯುತ್ತದೆ.

ಕೆಂಪುಕಣಗಳಿಗೆ ಕೋಶಕೇಂದ್ರವೇ ಇಲ್ಲ, ಡಿ.ಎನ್.ಎ.ಯೂ ಇಲ್ಲ. ಆದ್ದರಿಂದ ಈ ಕೆಲಸವನ್ನು ಅವುಗಳ ತಾಯಿಕೋಶಗಳಲ್ಲಿ, ಅಂದರೆ ಎಲುಬಿನ ಮಜ್ಜೆಯ ಕೋಶಗಳಲ್ಲಿ ಮಾಡಬೇಕು. ರೋಗಿಯ ಕೋಶಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಕತ್ತರಿ ಹಾಕಿಸಿ, ಉಳಿದ ಹಳೆಯ ಮಜ್ಜೆಯನ್ನು ತೀಕ್ಷ್ಣ ಔಷಧದಿಂದ ನಾಶಮಾಡಿ, ಬಳಿಕ ತಿದ್ದಿದ ಕೋಶಗಳನ್ನು ರಕ್ತಕ್ಕೆ ಬಿಡುತ್ತಾರೆ. ವಾರಗಟ್ಟಲೆ ಆಸ್ಪತ್ರೆವಾಸ. 2019ರಲ್ಲಿ ಅಮೇರಿಕದ ವಿಕ್ಟೋರಿಯಾ ಗ್ರೇ ಎಂಬ ಮಹಿಳೆಗೆ ಈ ಚಿಕಿತ್ಸೆ ನಡೆಯಿತು. ವರ್ಷಗಳಿಂದ ಕಾಡಿದ ನೋವಿನ ಹೊಡೆತಗಳಿಂದ ಅವರು ಬಿಡುಗಡೆ ಪಡೆದರು. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೇರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ಅಮೇರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರು. ನಮ್ಮ ಹಣದಲ್ಲಿ ಹದಿನೆಂಟು ಕೋಟಿ ರೂಪಾಯಿಗೂ ಮೇಲೆ!

ಪೊನ್ಕುಳಿಯ ದಾರಿಯಲ್ಲಿ ನಿಂತು ಈ ಮೊತ್ತವನ್ನು ಓದಿದರೆ ನಗುವುದೋ ಅಳುವುದೋ ತಿಳಿಯದು. ಸಮಾಧಾನದ ಸಂಗತಿಯೆಂದರೆ ದೆಹಲಿಯ ಜೀನೋಮಿಕ್ಸ್ ಸಂಸ್ಥೆಯ ನಮ್ಮ ವಿಜ್ಞಾನಿಗಳು ಅಂಥದೇ ಕತ್ತರಿಯೊಂದನ್ನು ತಾವೇ ಸಿದ್ಧಗೊಳಿಸಿದ್ದಾರೆ. ಗಿರಿಜನರ ವೀರ ಬಿರ್ಸಾ ಮುಂಡಾನ ಹೆಸರಿನಲ್ಲಿ ಬಿರ್ಸಾ 101 ಎಂದು ಕರೆದು 2025ರ ನವೆಂಬರಿನಲ್ಲಿ ಈ ಚಿಕಿತ್ಸೆಯನ್ನು ಪ್ರಕಟಿಸಲಾಯಿತು. ಕಡಿಮೆ ಖರ್ಚಿನಲ್ಲಿ ಒದಗಿಸುವುದು ಅದರ ಗುರಿ. ಅದು ಕಾಡಿನಂಚಿನ ಮನೆಗಳನ್ನು ಮುಟ್ಟುವ ದಿನಕ್ಕಾಗಿ ಕಾಯಬೇಕು.

ಕೈಯಲ್ಲಿರುವ ಉಪಾಯ

ಕಾಯುವ ತನಕ ಸುಮ್ಮನಿರಬೇಕಾಗಿಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಗುಳಿಗೆಯೂ ಶಿಶುವಿನ ಹೀಮೊಗ್ಲೋಬಿನನ್ನು ಹೆಚ್ಚಿಸಿ ನೋವಿನ ಹೊಡೆತಗಳನ್ನು ತಗ್ಗಿಸುತ್ತದೆ. ಇದನ್ನು ವೈದ್ಯರ ಉಸ್ತುವಾರಿಯಲ್ಲಿ, ಆಗಾಗ ರಕ್ತಪರೀಕ್ಷೆ ಮಾಡಿಸಿಕೊಂಡು ಸೇವಿಸಬೇಕು. ಫೋಲಿಕ್ ಆಮ್ಲ, ಸೋಂಕು ತಡೆಯುವ ಚುಚ್ಚುಮದ್ದು, ಬೇಕಾದಷ್ಟು ನೀರು, ಚಳಿಗೆ ಬೆಚ್ಚನೆಯ ಹೊದಿಕೆ ಇವೂ ಮದ್ದೇ. ಮಗು ಹುಟ್ಟಿದಾಗಲೇ ರೋಗ ತಿಳಿದರೆ ಎಷ್ಟೋ ಅನಾಹುತ ತಪ್ಪುತ್ತದೆ. ಕೇಂದ್ರ ಸರಕಾರ 2023ರ ಜುಲೈ 1ರಂದು ಆರಂಭಿಸಿದ ಕುಡುಗೋಲು ಕಣ ರೋಗ ನಿರ್ಮೂಲನ ಯೋಜನೆಯಲ್ಲಿ, ಗಿರಿಜನ ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆ ಮಾಡಬೇಕೆಂದಿದೆ. 2047ರೊಳಗೆ ರೋಗವನ್ನು ಇಲ್ಲವಾಗಿಸುವುದು ಗುರಿ.

ಪರೀಕ್ಷೆಯ ಜೊತೆಗೆ ಬೇಕಾದ ಇನ್ನೊಂದು ವಸ್ತು ವಿವೇಕ. ವಾಹಕನೆಂದರೆ ರೋಗಿಯಲ್ಲ. ಇನ್ನೊಬ್ಬರಿಗೆ ಅಂಟುವ ಪ್ರಶ್ನೆಯೇ ಇಲ್ಲ. ಮದುವೆಗೆ ಮೊದಲು ಹುಡುಗ ಹುಡುಗಿ ಇಬ್ಬರೂ ತಮ್ಮ ರಕ್ತದ ಸ್ಥಿತಿ ತಿಳಿದುಕೊಂಡರೆ ಮುಂದಿನ ತೀರ್ಮಾನ ಅವರದು. ಆ ಚೀಟಿಯನ್ನು ಹಿಡಿದು ಒಂದು ಮನೆತನಕ್ಕೆ ಕಳಂಕ ಹಚ್ಚುವುದಾದರೆ ಪರೀಕ್ಷೆಗೆ ಯಾರೂ ಕೈನೀಡರು. ಉಪಕಾರಕ್ಕಿಂತ ಅಪಕಾರವೇ ಹೆಚ್ಚಾದೀತು.

ಕೋಶಕೇಂದ್ರದ ಆ ಪುಟ್ಟ ದುರಸ್ತಿಗಾರರು ತಮ್ಮ ಪಾಲಿನ ಕೆಲಸವನ್ನು ತಪ್ಪದೆ ಮಾಡುತ್ತಲೇ ಬಂದಿದ್ದಾರೆ. ಅರ್ಥವನ್ನು ಓದುವ ಕೆಲಸ ಅವರದಲ್ಲ, ನಮ್ಮದು. ಜಿ-ಎ-ಜಿ ಎಂದಿರಬೇಕಾದಲ್ಲಿ ಜಿ-ಟಿ-ಜಿ ಇದೆಯೆಂದು ಮನುಷ್ಯ ಓದಿ ತಿಳಿದು ಎಷ್ಟೋ ದಶಕಗಳು ಸಂದವು. ಮೈಲಿಗಲ್ಲಿನ ಅಂಕೆ ತಪ್ಪೆಂದು ತಿಳಿದ ಮೇಲೂ ಅದಕ್ಕೇ ಸುಣ್ಣಬಣ್ಣ ಬಳಿಯುತ್ತ ಕೂರುವುದು ಪ್ರೋಟೀನಿಗೆ ಒಪ್ಪೀತು, ಮನುಷ್ಯನಿಗೆ ಒಪ್ಪದು.